ಸೀರೆಗೆ ಚಕ್ರ ಹಾಕುವ ಮುನ್ನ

ಉಟ್ಟು ಉಟ್ಟು ಮೆತ್ತಗಾದ ಅಮ್ಮನ ಕಾಟನ್ ಸೀರೆಗಳು ಯಾರ ಬೀರುವಿನಲ್ಲಿ ಇಲ್ಲ ಹೇಳಿ? ಎಸೆಯೋಕೆ ಮನಸ್ಸಿಲ್ಲ, ಉಡೋಕೆ ಆಗಲ್ಲ. ಪಟ್ಟಿ ಕತ್ತರಿಸಿ ಕ್ವಿಲ್ಟ್ ಮಾಡೋಣ ಅಂತ ಕೆಲವರು ರೋಟರಿ ಕಟರ್ ತರಿಸಿಕೊಳ್ಳುತ್ತಾರೆ. ಪಿಜ್ಜಾ ಕತ್ತರಿಸುವ ಚಕ್ರದಂಥ ಈ ಸಾಧನವನ್ನು ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಮಾರುಕಟ್ಟೆಗೆ ತಂದಿತು. ಸಾಧನ ಒಳ್ಳೆಯದೇ. ಆದರೆ ಕತ್ತರಿ ಜಾರಿದರೆ ಒಂದು ತುಂಡು ಕೆಡುತ್ತೆ, ಇದು ಜಾರಿದರೆ ನಾಲ್ಕು ಪದರ ಒಟ್ಟಿಗೆ ಕೆಡುತ್ತೆ. ಅಮ್ಮನ ಸೀರೆ ಮತ್ತೆ ಅಂಗಡೀಲಿ ಸಿಗಲ್ಲ.

ಹೊಲಿಯಬೇಕಾದ್ದು ಕೌದಿಯೇ ಆದರೆ ಈ ಖರ್ಚೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಉತ್ತರ ಕನ್ನಡದ ಸಿದ್ದಿ ಹೆಂಗಸರನ್ನೇ ನೋಡಿ. ಮೂಲೆಯಿಂದ ಶುರು ಮಾಡಿ, ಸಿಕ್ಕ ತುಂಡಿನ ಅಂಚನ್ನು ಬೆರಳಲ್ಲೇ ಮಡಚಿ, ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ತುಂಡು ಓರೆಯಾದರೆ ಪಕ್ಕದ್ದು ಮುಚ್ಚಿಕೊಳ್ಳುತ್ತೆ. ಪಟ್ಟಿ ಜೋಡಿಸುವ ಕ್ವಿಲ್ಟ್ ಹಾಗಲ್ಲ. ಪ್ರತಿ ಪಟ್ಟಿ 2 ಮಿ.ಮೀ. ಕಡಿಮೆಯಾದರೂ 30 ಪಟ್ಟಿ ಸೇರುವಷ್ಟರಲ್ಲಿ 6 ಸೆಂ.ಮೀ. ಖೋತಾ! ಚಕ್ರ ಬೇಕಾಗೋದು ಇಲ್ಲಿ.

ಹಳೇ ಸೀರೆ ಮೆತ್ತಗಿರೋದರಿಂದ ಬ್ಲೇಡಿನ ಮುಂದೆ ಸರಿದುಬಿಡುತ್ತೆ. ನಮ್ಮ ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಹಾಸಿನ ನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿಕೊಳ್ಳುತ್ತಾರಲ್ಲ, ಹಾಗೇ ಸೀರೆಯನ್ನೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ. ಬೆಳಕಿಗೆ ಹಿಡಿದು, ಜಾಳಾದ ಭಾಗ ಮೊದಲೇ ತೆಗೆದುಬಿಡಿ. ಆಮೇಲೆ ಮಡಿಕೆಗೆ ಸರಿಯಾಗಿ ಲಂಬವಾಗಿ ಅಂಚು ಕತ್ತರಿಸಿಕೊಳ್ಳಿ. ಇದನ್ನು ಬಿಟ್ಟರೆ ಪಟ್ಟಿ ಬಿಡಿಸಿದಾಗ ಮಡಿಕೆ ಇದ್ದಲ್ಲೆಲ್ಲ ಮೊಣಕೈ ಹಾಗೆ ಬಾಗಿರುತ್ತೆ, ಎಷ್ಟು ಇಸ್ತ್ರಿ ಹಾಕಿದರೂ ನೆಟ್ಟಗಾಗಲ್ಲ. ನಾಲ್ಕೈದು ಪಟ್ಟಿಗೊಮ್ಮೆ ಅಂಚನ್ನು ಮತ್ತೆ ಸರಿಮಾಡಿಕೊಳ್ಳಿ. ಹೊಲಿಗೆ ಎರಡೂ ಕಡೆ ಕಾಲು ಇಂಚು ನುಂಗುವುದರಿಂದ, 2 ಇಂಚು ಕಾಣಬೇಕಾದರೆ 2½ ಇಂಚು ಕತ್ತರಿಸಬೇಕು. ಮನೆಬಳಕೆಗೆ 45 ಮಿ.ಮೀ. ಬ್ಲೇಡ್ ಸಾಕು. ಕೆಳಗೆ ಹಾಸುವ ಮ್ಯಾಟ್ ಮಾತ್ರ ಬಿಡಬೇಡಿ. ಡೈನಿಂಗ್ ಟೇಬಲ್ಲೂ ಹಾಳು, ಬ್ಲೇಡೂ ಹಾಳು.

ಕುದಾಪುರದ ಸುತ್ತಮುತ್ತ ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆ ಇಟ್ಟುಕೊಂಡಿರುವ ಮನೆಗಳು ಬೇಕಾದಷ್ಟಿವೆ. ದಯವಿಟ್ಟು ಅದಕ್ಕೆ ಚಕ್ರ ಹಾಕಬೇಡಿ. ರೇಷ್ಮೆ ಜಾರುತ್ತೆ, ಕತ್ತರಿಸಿದ ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತೆ. ಕೈಮಗ್ಗದಲ್ಲಿ ನೇಯ್ದ ಸೆರಗು 2 ಇಂಚಿನ ಪಟ್ಟಿಯಾದರೆ ಅದರಲ್ಲಿ ಉಳಿಯೋದೇನು? ಒಡಲು ಹರಿದಿದ್ದರೆ ಸೆರಗನ್ನು ಇಡಿಯಾಗಿ ತೆಗೆದು ಕ್ವಿಲ್ಟಿನ ನಡುವೆ ಕೂರಿಸಿ.

ಸ್ಕೇಲ್ ಒತ್ತಿ ಹಿಡಿದ ಕೈಯ ಬೆರಳು ಅಂಚಿನಾಚೆ ಬರದಿರಲಿ. ನಿಮ್ಮಿಂದ ಆಚೆಗೇ ಕತ್ತರಿಸಿ, ಕಾಲಿಂಗ್ ಬೆಲ್ ಆದರೂ ಬ್ಲೇಡ್ ಮುಚ್ಚಿಯೇ ಏಳಿ. ಮಕ್ಕಳಿಗೆ ಅದು ಆಟದ ಚಕ್ರವಾಗಿಯೇ ಕಾಣೋದು. ಎಳೆ ಬಿಟ್ಟು ಬಿಟ್ಟು ಕತ್ತರಿಸತೊಡಗಿದರೆ ಬ್ಲೇಡ್ ಬದಲಾಯಿಸಿ. ಹಳೆಯದನ್ನು ಬರಿದೇ ಕಸದ ಬುಟ್ಟಿಗೆ ಹಾಕಬೇಡಿ, ಬೆಳಿಗ್ಗೆ ಅದಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ಖಾಲಿ ಪೌಡರ್ ಡಬ್ಬಿಯಲ್ಲಿ ಹಾಕಿ ಟೇಪ್ ಸುತ್ತಿ ಪ್ರತ್ಯೇಕವಾಗಿ ಕೊಡಿ.