ಎಲೆಗೆ ಸ್ಪ್ರೇ ಹೊಡೆಯೋ ಮುಂಚೆ ಬೇರಿನ ಕಡೆ ನೋಡಿ

ಸಖರಾಯಪಟ್ಟಣ, ಕಡೂರು ಕಡೆ ಗೊಬ್ಬರದ ಅಂಗಡಿಗಳಲ್ಲಿ ಈಗ ಚೀಲಗಳಿಗಿಂತ ಬಣ್ಣಬಣ್ಣದ ಬಾಟಲಿಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಕಡಲಕಳೆ ಸಾರ, ಹ್ಯೂಮಿಕ್, ಅಮೈನೋ ಆಮ್ಲ, ಜೊತೆಗೆ ‘ಕೋಟಿ ಕೋಟಿ ಜೀವಾಣು’. ಅಂಗಡಿ ಬಿಟ್ಟು ಮೊಬೈಲ್ ತೆಗೆದರೆ ಅಲ್ಲೂ ಅದೇ. ಹೊರದೇಶದಲ್ಲಿ ಮನೆಯೊಳಗೆ, ಲೈಟ್ ಹಾಕಿ ಗಾಂಜಾ ಬೆಳೆಯುವವರು ಎಲೆಗೆ ಮಂಜಿನಂತೆ ಪೋಷಕಾಂಶ ಸಿಂಪಡಿಸಿ, ಕುಂಡಕ್ಕೆ ಜೀವಾಣು ಸುರಿದು, ವಾರದಲ್ಲಿ ಗಿಡ ಹೇಗಾಯ್ತು ನೋಡಿ ಅಂತಾರೆ. ‘ಇದನ್ನೇ ನಮ್ಮ ಟೊಮೆಟೊಗೆ ಮಾಡಿದ್ರೆ ಹೇಗೆ?’ ಅನ್ನೋ ಪ್ರಶ್ನೆ ಹುಡುಗರಿಂದ ಪದೇ ಪದೇ ಬರುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎಲೆಗೆ ಕೊಡೋದು ಕೊರತೆ ತುಂಬುವ ಔಷಧಿ ಇದ್ದ ಹಾಗೆ, ಬೇರಿಗೆ ಕೊಡೋದು ಊಟ. ಜೀವಾಣುಗಳಲ್ಲಿ ಬಹುಪಾಲಿನ ಮನೆ ಬೇರಿನ ಹತ್ತಿರ. ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಎಲೆಗೆ ಹೊಡೆದರೆ ದುಡ್ಡು ಗಾಳಿಗೆ ಹೋಗುತ್ತೆ.

ಆ ವಿಡಿಯೋದ ಬೆಳೆ ನಮ್ಮಲ್ಲಿ ಅಪರಾಧ, ಅದು ನೆನಪಿರಲಿ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅನುಮತಿ ಇಲ್ಲದೆ ಗಾಂಜಾ ಬೆಳೆದರೆ 10 ವರ್ಷದವರೆಗೂ ಜೈಲು ಇದೆ. ಕೃಷಿ ಲೆಕ್ಕದಲ್ಲಿ ನೋಡಿದರೂ ಅವರದು ಬೇರೆ ಲೋಕ. ಅಲ್ಲಿ ಗಿಡ ನಿಂತಿರೋದು ಹೆಚ್ಚಾಗಿ ತೆಂಗಿನ ನಾರಿನ ಪುಡಿಯಲ್ಲಿ. ಅದರಲ್ಲಿ ಮಣ್ಣಿನ ಜೀವ ಕಡಿಮೆ, ಹೊರಗಿಂದಲೇ ಹಾಕಬೇಕು. ಬೆಳಕು, ತೇವ, ಶಾಖ ಎಲ್ಲಾ ಅವರ ಕೈಯಲ್ಲಿ, ಎಲೆ ಮೇಲಿನ ಹನಿ ಬಹಳ ಹೊತ್ತು ಒಣಗೋದಿಲ್ಲ. ನಮ್ಮದು ಬಾಬಾಬುಡನ್‌ಗಿರಿಯ ಮಳೆ ನೆರಳಿನ ಸೀಮೆ. ಅಯ್ಯನಕೆರೆ ನೀರು ಸಿಗೋ ಗದ್ದೆ ಬಿಟ್ಟರೆ ಉಳಿದವರಿಗೆ ಬೋರ್‌ವೆಲ್, ಇಲ್ಲಾಂದ್ರೆ ಮೋಡ. ಏಪ್ರಿಲ್ ಬಿಸಿಲಲ್ಲಿ ಸಿಂಪಡಿಸಿದ ಹನಿ ನೋಡ್ತಾ ನೋಡ್ತಾ ಆರಿ, ಉಪ್ಪು ಮಾತ್ರ ಎಲೆ ಮೇಲೆ ಉಳಿದು ಅಂಚು ಸುಡುತ್ತೆ.

ಹಾಗಂತ ಎಲೆ ಪೋಷಕಾಂಶ ಹೀರೋದೇ ಇಲ್ಲ ಅಂತಲ್ಲ. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಟ್ಯೂಕಿ ಮತ್ತು ವಿಟ್‌ವರ್ ಅನ್ನೋ ವಿಜ್ಞಾನಿಗಳು ವಿಕಿರಣಶೀಲ ಪೋಷಕಾಂಶ ಬಳಸಿ, ಎಲೆಯಿಂದ ಒಳಗೆ ಹೋಗಿದ್ದು ಗಿಡದ ಬೇರೆ ಭಾಗಕ್ಕೂ ಹರಿಯುತ್ತೆ ಅಂತ ತೋರಿಸಿದರು. ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ.

ಲೆಕ್ಕ ಹಾಕೋಣ. 19:19:19 ಗೊಬ್ಬರವನ್ನು ಲೀಟರಿಗೆ 5 ಗ್ರಾಂನಂತೆ, ಎಕರೆಗೆ 200 ಲೀಟರ್ ಹೊಡೆದರೆ ಖರ್ಚಾಗೋದು 1 ಕಿಲೋ. ಅದರಲ್ಲಿ ಸಾರಜನಕ 190 ಗ್ರಾಂ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸಾರಜನಕ 20 ಕಿಲೋಗೂ ಹೆಚ್ಚು. ಒಂದು ಹನಿಯೂ ನೆಲಕ್ಕೆ ಬೀಳದೆ ಎಲ್ಲಾ ಎಲೆಗೇ ಇಳಿದರೂ, ಆ ಒಂದು ಚೀಲಕ್ಕೆ ಸಮ ಆಗೋಕೆ 100ಕ್ಕೂ ಹೆಚ್ಚು ಸಲ ಸಿಂಪಡಿಸಬೇಕು! ಎಲೆಯಿಂದಲೇ ಹೊಟ್ಟೆ ತುಂಬಿಸ್ತೀನಿ ಅನ್ನೋದು ಚಮಚದಲ್ಲಿ ಕೆರೆ ತುಂಬಿಸಿದ ಹಾಗೆ.

ಗ್ರಾಂ ಲೆಕ್ಕದಲ್ಲಿ ಸಾಕಾಗುವ ಸತು, ಕಬ್ಬಿಣ, ಬೋರಾನ್‌ಗೆ ಮಾತ್ರ ಎಲೆ ಒಳ್ಳೆ ದಾರಿ. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗೋದಿಲ್ಲ, ಎಳೆ ಎಲೆ ಹಳದಿ ಆಗುತ್ತೆ. ಆಗ ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್ ಮತ್ತು 2.5 ಗ್ರಾಂ ಸುಣ್ಣ ಬೆರೆಸಿ ಹೊಡೆಯೋದು ಹಳೆಯ, ಅಗ್ಗದ ಉಪಾಯ. ತರಕಾರಿಗೆ ಹೆಸರಘಟ್ಟದ ಐಐಎಚ್‌ಆರ್ ತಯಾರಿಸಿದ ‘ಅರ್ಕಾ ವೆಜಿಟೆಬಲ್ ಸ್ಪೆಷಲ್’ ಇದೆ, ಬೆಳೆಗೆ ತಕ್ಕ ಪ್ರಮಾಣ ಪೊಟ್ಟಣದ ಮೇಲೇ ಇರುತ್ತೆ. ಭೂಮಿ ಒಣಗಿ ಬೇರು ಹೀರಲಾರದ ಹೊತ್ತಲ್ಲೂ ಒಂದು ತೆಳು ಸಿಂಪರಣೆ ಗಿಡಕ್ಕೆ ಆಸರೆ ಆಗುತ್ತೆ.

ಸಿಂಪಡಿಸೋದು ಬೆಳಿಗ್ಗೆ ಬೇಗ ಅಥವಾ ಸಂಜೆ 4ರ ಮೇಲೆ ಇರಲಿ. ಎಲೆಯ ಅಡಿಭಾಗ ನೆನೆಯಬೇಕು. ಸುಣ್ಣದಂಶದ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಸಲ್ಫೇಟ್ ಆಗಲಿ, ರಂಜಕ ಇರೋ ಗೊಬ್ಬರ ಆಗಲಿ ಬೆರೆಸಬೇಡಿ, ಗಸಿ ಕಟ್ಟಿ ನಾಜಲ್ ಮುಚ್ಚುತ್ತೆ. ನಾಲ್ಕು ಬಾಟಲಿ ಒಟ್ಟಿಗೆ ಸುರಿಯೋ ಮುಂಚೆ ಒಂದು ಗಾಜಿನ ಲೋಟದಲ್ಲಿ ಬೆರೆಸಿ, ಅರ್ಧ ಗಂಟೆ ಇಟ್ಟು ನೋಡಿ.

ಇನ್ನು ಜೀವಾಣುಗಳ ವಿಷಯ. ಇವು ಜೀವ ಇರೋವು, ಗೊಬ್ಬರದ ಹರಳಲ್ಲ. ಬಿಸಿಲಿನ ಅತಿನೇರಳೆ ಕಿರಣ, ಒಣ ಗಾಳಿ ಇವಕ್ಕೆ ಆಗೋದಿಲ್ಲ. ರೈಜೋಬಿಯಂ ಕೆಲಸ ಮಾಡೋದು ಶೇಂಗಾ, ಅಲಸಂದೆ ಬೇರಿನ ಗಂಟಿನಲ್ಲಿ, ಅದನ್ನು ಬೀಜಕ್ಕೇ ಲೇಪಿಸಬೇಕು. ಮೈಕೋರೈಜಾ ಶಿಲೀಂಧ್ರ ಬೇರಿಗೆ ತಾಗದೆ ಬದುಕೋದಿಲ್ಲ. ಅದನ್ನು ಎಲೆಗೆ ಹೊಡೆಯೋದು ಬೀಜವನ್ನು ಹೆಂಚಿನ ಮೇಲೆ ಬಿತ್ತಿದ ಹಾಗೆ. ಟ್ರೈಕೋಡರ್ಮಾಗೆ ತಿನ್ನೋಕೆ ಕೊಟ್ಟಿಗೆ ಗೊಬ್ಬರ ಬೇಕು. 90 ಕಿಲೋ ಕಳಿತ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 2 ಕಿಲೋ ಟ್ರೈಕೋಡರ್ಮಾ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಲ್ಲಿ 15 ದಿನ ಇಡಿ. ಆಮೇಲೆ ಅಡಿಕೆ, ತೆಂಗಿನ ಬುಡಕ್ಕೆ ಹಾಕಿ. ಅಣಬೆ ರೋಗದ ಭಯ ಇರುವ ತೋಟಕ್ಕೆ ಇದು ಯಾವ ಬಾಟಲಿಗಿಂತಲೂ ಉಪಯೋಗ. ಐಐಎಚ್‌ಆರ್‌ನ ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಕೂಡ ಎಕರೆಗೆ 5 ಕಿಲೋ, ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೇ.

ಎಲೆಗೆ ಹೊಡೆಯುವ ಜೀವಾಣು ಇಲ್ಲವೇ ಇಲ್ಲ ಅಂತಲ್ಲ. ಸ್ಯೂಡೋಮೊನಾಸ್ ಕೆಲವು ಎಲೆ ರೋಗಕ್ಕೆ ಬಳಕೆಯಲ್ಲಿದೆ. ಮೀಥೈಲೋಬ್ಯಾಕ್ಟೀರಿಯಂ ಎಲೆ ಮೇಲೇ ವಾಸ ಮಾಡುವ ಜಾತಿ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅದನ್ನು ಬರ ತಡೆಯೋಕೆ ಸಿಂಪಡಿಸಲು ಹೇಳುತ್ತೆ. ಅವನ್ನೂ ಸಂಜೆ ಹೊಡೆಯಿರಿ. ಕಾರ್ಬೆಂಡಜಿಮ್ ಜೊತೆ ಟ್ರೈಕೋಡರ್ಮಾ, ತಾಮ್ರದ ಔಷಧಿ ಜೊತೆ ಸ್ಯೂಡೋಮೊನಾಸ್ ಯಾವತ್ತೂ ಬೆರೆಸಬೇಡಿ. ಎರಡರ ಮಧ್ಯೆ ಹತ್ತು ಹದಿನೈದು ದಿನ ಬಿಡಿ.

ಕೊಳ್ಳೋವಾಗ ಲೇಬಲ್ ಓದಿ, ಬೇಕಾದರೆ ಫೋಟೋ ತೆಗೆದುಕೊಳ್ಳಿ. ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ರೈಜೋಬಿಯಂ, ಅಜೋಸ್ಪಿರಿಲಂನಂಥ ದ್ರವ ಜೈವಿಕ ಗೊಬ್ಬರದ ಮಿಲಿಲೀಟರಿಗೆ ಕನಿಷ್ಠ 10 ಕೋಟಿ, ಪುಡಿಯ ಗ್ರಾಂಗೆ 5 ಕೋಟಿ ಜೀವಕೋಶ ಇರಬೇಕು. ಸಂಖ್ಯೆ, ತಯಾರಿಸಿದ ದಿನ, ಮುಗಿಯುವ ದಿನ ಇಲ್ಲದಿದ್ದರೆ ವಾಪಸ್ ಕೊಡಿ. ಅಂಗಡಿ ಮುಂದೆ ಬಿಸಿಲಲ್ಲಿ ಕಾದ ಬಾಟಲಿಯಲ್ಲಿ ಸಂಖ್ಯೆ ಲೇಬಲ್ ಮೇಲೆ ಮಾತ್ರ ಇರುತ್ತೆ. ಕಡಲಕಳೆ, ಹ್ಯೂಮಿಕ್, ಅಮೈನೋದಂಥ ಜೈವಿಕ ಉತ್ತೇಜಕಗಳನ್ನೂ 2021ರಲ್ಲಿ ಅದೇ ಆದೇಶದೊಳಗೆ ತಂದಿದ್ದಾರೆ, ಹಾಗಾಗಿ ಬಿಲ್ ಕೇಳೋದು ನಿಮ್ಮ ಹಕ್ಕು.

ನನಗೆ ಸಿಟ್ಟು ಬರೋದು ಬಾಟಲಿ ಮೇಲಲ್ಲ. ಸಾಲದಲ್ಲಿ ಬೀಜ ಕೊಡೋ ಅಂಗಡಿಯೇ ಸಲಹೆ ಕೊಡುತ್ತೆ, ಸಲಹೆ ಕೊಟ್ಟ ಅಂಗಡಿಯೇ ಸಾಲದ ಪುಸ್ತಕಕ್ಕೆ ಬಾಟಲಿ ಬರೆಯುತ್ತೆ. ಬೆಲೆ ಬಿದ್ದ ವರ್ಷ ಟೊಮೆಟೊ ರಸ್ತೆಗೆ ಸುರಿದು ಬಂದರೂ ಆ ಪುಸ್ತಕದ ಸಾಲು ಅಳಿಸೋದಿಲ್ಲ. ಇಪ್ಪತ್ತೈದು ವರ್ಷದ ಹುಡುಗ ಬೇಸಾಯ ಬಿಟ್ಟು ಬೆಂಗಳೂರಿನ ಬಸ್ ಹತ್ತೋದಕ್ಕೆ ಇಂಥ ಸಾಲುಗಳೂ ಕಾರಣ.

ಆದ್ದರಿಂದ ಯಾರ ಮಾತನ್ನೂ, ನನ್ನದನ್ನೂ, ಸುಮ್ಮನೆ ನಂಬಬೇಡಿ. ಹೊಸ ಬಾಟಲಿ ತಂದರೆ ಒಂದು ಸಾಲಿಗೆ ಅದನ್ನು, ಪಕ್ಕದ ಸಾಲಿಗೆ ಬರೀ ನೀರನ್ನು ಹೊಡೆಯಿರಿ. ಬೇರೆ ಬೇರೆ ಕಡೆ ಇಂಥ ನಾಲ್ಕು ಜೋಡಿ ಇರಲಿ. ಗೂಟ ನೆಟ್ಟು, ವಾರಕ್ಕೊಮ್ಮೆ ಅದೇ ಜಾಗದಿಂದ ಫೋಟೋ ತೆಗೆದು, ಕೊನೆಗೆ ಕೊಯ್ಲು ತೂಕ ಮಾಡಿ. ಎಲೆ ಹಸಿರಾಯ್ತು ಅನ್ನೋದು ಲಾಭ ಅಲ್ಲ, ತಕ್ಕಡಿ ಏನು ಹೇಳುತ್ತೆ ಅನ್ನೋದು ಲಾಭ.

ಖರ್ಚಿನ ಸರದಿ ಹೀಗಿರಲಿ: ಮೊದಲು ಮಣ್ಣು ಪರೀಕ್ಷೆ, ಅದಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆಮೇಲೆ ಕೊಟ್ಟಿಗೆ ಗೊಬ್ಬರ, ಅದರ ಜೊತೆ ಜೀವಾಣು. ಪರೀಕ್ಷೆಯ ಚೀಟಿಯಲ್ಲಿ ಸತು, ಬೋರಾನ್ ಕಡಿಮೆ ಅಂತ ಬಂದರೆ ಆಗ ಸ್ಪ್ರೇ. ಈ ಮುಂಗಾರಿಗೆ ಮುಂಚೆ ಬಾಟಲಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಒಂದು ಟ್ರ್ಯಾಕ್ಟರ್ ಲೋಡ್ ಗೊಬ್ಬರ ಬರುತ್ತಾ ಅಂತ ವಿಚಾರಿಸಿ ನೋಡಿ.