ಕತ್ತಿಯ ತುಕ್ಕು ಕೆರೆಯುವ ಮುನ್ನ

ಹಳೆಯ ಕತ್ತಿಯೊಂದು ತುಕ್ಕು ಹಿಡಿದು ಕೈಗೆ ಸಿಕ್ಕಿದರೆ ಹೆಚ್ಚಿನವರು ಮೊದಲು ಹುಡುಕುವುದು ಮರಳುಕಾಗದವನ್ನು. ಅರ್ಧ ಗಂಟೆ ತಿಕ್ಕಿದರೆ ಸಾಕು, ಕತ್ತಿ ಥಳಥಳ ಹೊಳೆಯುತ್ತದೆ. ಆದರೆ ಅಷ್ಟರಲ್ಲಿ ಅದರ ವಯಸ್ಸು, ಊರು, ಮಾಡಿದವನ ಗುರುತು ಎಲ್ಲವೂ ಕೆಂಪು ಪುಡಿಯಾಗಿ ನೆಲಕ್ಕೆ ಉದುರಿರುತ್ತವೆ. ಹಾಗಾದರೆ ತುಕ್ಕನ್ನು ಹಾಗೆಯೇ ಬಿಡಬೇಕೇ? ಬಿಟ್ಟರೆ ಕತ್ತಿಯೇ ಉಳಿಯುವುದಿಲ್ಲವಲ್ಲ? ಈ ಇಕ್ಕಟ್ಟನ್ನು ವಸ್ತುಸಂಗ್ರಹಾಲಯಗಳ ಸಂರಕ್ಷಣಾ ತಜ್ಞರು ಹೇಗೆ ಬಿಡಿಸುತ್ತಾರೆ ಎಂಬುದನ್ನು ಆಫ್ರಿಕಾದ ಒಂದು ಕತ್ತಿಯ ಉದಾಹರಣೆಯಿಂದ ನೋಡೋಣ. ಅದರ ಹೆಸರು ಕಸ್ಕಾರಾ.

ಗುರುತು ಹಿಡಿಯುವುದು ಹೇಗೆ?

ಕಸ್ಕಾರಾ ಸುಡಾನ್ ದೇಶದ ಕತ್ತಿ. ನೆರೆಯ ಚಾಡ್ ಮತ್ತು ಎರಿಟ್ರಿಯಾಗಳಲ್ಲೂ ಬಳಕೆಯಲ್ಲಿತ್ತು. ಅಲಗು ನೇರ, ಎರಡೂ ಅಂಚು ಹರಿತ, ಉದ್ದ ಸುಮಾರು 90 ಸೆಂಟಿಮೀಟರ್. ಹಿಡಿಯ ಬುಡದಲ್ಲಿ ಕಬ್ಬಿಣದ ಅಡ್ಡಪಟ್ಟಿ ಇರುವುದರಿಂದ ಇಡೀ ಕತ್ತಿ ಶಿಲುಬೆಯ ಆಕಾರದಲ್ಲಿ ಕಾಣುತ್ತದೆ. ಹಿಡಿ ಮರದ್ದು, ಮೇಲೆ ಚರ್ಮದ ಸುತ್ತು. ಸಿರಿವಂತರ ಕತ್ತಿಗೆ ಬೆಳ್ಳಿಯ ತಗಡೂ ಉಂಟು. ಒರೆ ಚರ್ಮದ್ದು, ಅದರ ತುದಿ ಎಲೆಯಂತೆ ಅಗಲವಾಗಿರುತ್ತದೆ. ಇದನ್ನು ಸೊಂಟಕ್ಕೆ ಕಟ್ಟುವುದಕ್ಕಿಂತ ಭುಜಕ್ಕೆ ತೂಗುಹಾಕಿಕೊಳ್ಳುವುದೇ ವಾಡಿಕೆ.

ಈ ರೂಪ ಕಂಡು, ಮಧ್ಯಯುಗದ ಯೂರೋಪಿನ ಯೋಧರು ಜೆರುಸಲೇಮಿನ ಯುದ್ಧಗಳಲ್ಲಿ ಬಿಟ್ಟುಹೋದ ಕತ್ತಿಗಳೇ ಇವು ಎಂದು ಹಿಂದೆ ಕೆಲವರು ನಂಬಿದ್ದರು. ಹಾಗೇನೂ ಇಲ್ಲ. ಸಿಗುವ ಕಸ್ಕಾರಾಗಳಲ್ಲಿ ಹೆಚ್ಚಿನವು 19 ಮತ್ತು 20ನೆಯ ಶತಮಾನದವು. ಆದರೆ ಯೂರೋಪಿನ ನಂಟು ಮಾತ್ರ ನಿಜ. ಜರ್ಮನಿಯ ಸೋಲಿಂಗೆನ್ ಪಟ್ಟಣ ಅಲಗುಗಳಿಗೆ ಹೆಸರುವಾಸಿ. ಅಲ್ಲಿಯ ಅಲಗುಗಳು ಕೈರೋ ಮಾರ್ಗವಾಗಿ ಸುಡಾನಿಗೆ ಬರುತ್ತಿದ್ದವು. 1814ರಲ್ಲಿ ನೈಲ್ ನದಿ ದಡದ ಶೆಂಡಿ ಪೇಟೆಯನ್ನು ಕಂಡ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟ್ ಈ ವ್ಯಾಪಾರವನ್ನು ದಾಖಲಿಸಿದ್ದಾನೆ. ಯೂರೋಪಿನ ಅಲಗು, ಸ್ಥಳೀಯ ಹಿಡಿ ಎಂಬ ಈ ಜೋಡಣೆ ನಮಗೂ ಹೊಸತಲ್ಲ. ದಖನ್ನಿನಲ್ಲಿ ಇಂಥ ಕತ್ತಿಗಳಿಗೆ ‘ಫಿರಂಗಿ’ ಎಂದೇ ಹೆಸರಿತ್ತು.

ಮುದ್ರೆ ನಂಬಬಹುದೇ?

ಅಲಗಿನ ಮೇಲೆ ಹಿಡಿಯ ಹತ್ತಿರ ಸಣ್ಣ ಗುರುತುಗಳಿರುತ್ತವೆ. ನಾಲ್ಕಾರು ಗೀರುಗಳಲ್ಲಿ ಕೊರೆದ ಓಡುವ ತೋಳ ಒಂದು. ಇದು ಮೊದಲು ಜರ್ಮನಿಯ ಪಸಾವ್ ಪಟ್ಟಣದ ಮುದ್ರೆ. ಆಮೇಲೆ ಸೋಲಿಂಗೆನ್ನಿನವರೂ ಬಳಸಿದರು. ಮುಖವಿರುವ ಅರ್ಧಚಂದ್ರ ಇನ್ನೊಂದು. ಇಂಥ ಮುದ್ರೆ ಕಂಡೊಡನೆ ‘ಜರ್ಮನಿಯ ಅಲಗು’ ಎಂದು ತೀರ್ಮಾನಿಸಬಾರದು. ಗಿರಾಕಿಗಳು ಮುದ್ರೆ ನೋಡಿ ಬೆಲೆ ಕೊಡುತ್ತಿದ್ದುದರಿಂದ ಸುಡಾನಿನ ಕಮ್ಮಾರರೂ ಅವನ್ನು ನಕಲು ಮಾಡಿದರು. ಪೂರ್ವ ಸುಡಾನಿನ ಕಸಾಲಾ ಪಟ್ಟಣ ಇಂಥ ಕಮ್ಮಾರಿಕೆಗೆ ಪ್ರಸಿದ್ಧ. 20ನೆಯ ಶತಮಾನದಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಕತ್ತಿ ಮಾಡಿದ್ದೂ ಉಂಟು. ಆದ್ದರಿಂದ ಮುದ್ರೆ ಎಷ್ಟು ಆಳವಾಗಿದೆ, ಗೆರೆ ಎಷ್ಟು ಚೊಕ್ಕವಾಗಿದೆ, ಅಲಗಿನ ನಡುವಿನ ತೋಡುಗಳು ಸಮವಾಗಿವೆಯೇ ಎಂದು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಯಾವುದೇ ಒಂದು ಗುರುತು ಸಾಕ್ಷಿಯಾಗದು. ಎಲ್ಲವೂ ಒಂದೇ ಕಡೆ ಬೆರಳು ತೋರಿದಾಗ ಮಾತ್ರ ನಂಬಬಹುದು.

ಕೆಲವು ಅಲಗುಗಳ ಮೈತುಂಬ ಅರಬ್ಬಿ ಅಕ್ಷರಗಳಿರುತ್ತವೆ. ಇವನ್ನು ಆಮ್ಲದಿಂದ ಕೊರೆಯುತ್ತಿದ್ದರು. ಇವು ಸಾಮಾನ್ಯವಾಗಿ ಮಹದಿಯ ಕಾಲಕ್ಕೆ ಸೇರಿದವು ಎನ್ನಲಾಗುತ್ತದೆ. 1881ರಲ್ಲಿ ಮಹಮ್ಮದ್ ಅಹ್ಮದ್ ಎಂಬಾತ ತನ್ನನ್ನು ‘ಮಹದಿ’ ಎಂದು ಸಾರಿಕೊಂಡು ಪರಕೀಯ ಆಡಳಿತದ ವಿರುದ್ಧ ಎದ್ದ. ಅವನ ಉತ್ತರಾಧಿಕಾರಿಯ ಸೇನೆ 1898ರ ಸೆಪ್ಟೆಂಬರ್ 2ರಂದು ಓಮ್ಡುರ್ಮನ್ ಬಳಿ ಬ್ರಿಟಿಷ್-ಈಜಿಪ್ಟ್ ಪಡೆಯನ್ನು ಎದುರಿಸಿತು. ಮೆಷಿನ್ ಗನ್ನುಗಳ ಮುಂದೆ ಒಂದೇ ಬೆಳಗಿನಲ್ಲಿ 10,000ಕ್ಕೂ ಹೆಚ್ಚು ಸುಡಾನಿಗಳು ಸತ್ತರು. ಗೆದ್ದವರು ರಣರಂಗದಿಂದ ಆರಿಸಿಕೊಂಡ ಕತ್ತಿಗಳು ಹಡಗು ಹತ್ತಿ ಬ್ರಿಟನ್ನಿನ ಮನೆಗಳನ್ನು, ವಸ್ತುಸಂಗ್ರಹಾಲಯಗಳನ್ನು ಸೇರಿದವು. ಮರುಭೂಮಿಯ ಒಣಹವೆಯಲ್ಲಿ ಚೆನ್ನಾಗಿದ್ದ ಅಲಗುಗಳಿಗೆ ತೇವದ ನಾಡು ಹಿಡಿಸಲಿಲ್ಲ.

ತುಕ್ಕಿನಲ್ಲೂ ಎರಡು ಬಗೆ

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಎಂಬುದು ಶಾಲೆಯ ಪಾಠ. ತಜ್ಞರು ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: ಈ ತುಕ್ಕು ‘ಸತ್ತಿದೆಯೋ, ಬದುಕಿದೆಯೋ?’ ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಅಥವಾ ಕಡುಕಂದು ಪದರ ಬಹುಮಟ್ಟಿಗೆ ಸ್ಥಿರ. ಅದರ ಅಡಿಯ ಲೋಹಕ್ಕೆ ಸ್ವಲ್ಪ ಆಸರೆಯೂ ಆಗುತ್ತದೆ. ಕಿತ್ತಳೆ ಬಣ್ಣದ ಪುಡಿ ಮತ್ತೆ ಮತ್ತೆ ಉದುರುತ್ತಿದ್ದರೆ, ಚಕ್ಕೆ ಏಳುತ್ತಿದ್ದರೆ, ಮಳೆಗಾಲದಲ್ಲಿ ಬೆವರಿನಂಥ ಹನಿ ಕಾಣಿಸಿದರೆ ಅದು ಬದುಕಿರುವ ತುಕ್ಕು. ಇದಕ್ಕೆ ಮುಖ್ಯ ಕಾರಣ ಉಪ್ಪಿನಲ್ಲಿರುವ ಕ್ಲೋರೈಡ್. ಸಮುದ್ರದ ಗಾಳಿಯಿಂದಲೂ ಬರಬಹುದು, ಬರಿಗೈಯ ಬೆವರಿನಿಂದಲೂ ಬರಬಹುದು. ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತುಕ್ಕಾದ ಮೇಲೂ ಮುಗಿಯದೆ ಮತ್ತೆ ಹೊಸ ಲೋಹವನ್ನು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರ ಬಿರಿದು ಚಕ್ಕೆಯಾಗುತ್ತದೆ.

ಕತ್ತಿಯ ಮೂಲ ಮೇಲ್ಮೈ, ಅಂದರೆ ಕಮ್ಮಾರ ಉಜ್ಜಿ ಮುಗಿಸಿದ ಮೈ, ಹಲವು ಸಲ ಈ ತುಕ್ಕಿನ ಪದರದ ಒಳಗೇ ಅಚ್ಚಾಗಿ ಉಳಿದಿರುತ್ತದೆ. ಆಮ್ಲದಿಂದ ಕೊರೆದ ಅಕ್ಷರಗಳ ಆಳ ತೀರ ಕಡಿಮೆ. ಮರಳುಕಾಗದಕ್ಕಾಗಲಿ ಆಮ್ಲಕ್ಕಾಗಲಿ ಯಾವುದು ಕೊಳೆ, ಯಾವುದು ಅಕ್ಷರ ಎಂಬ ವಿವೇಕವಿಲ್ಲ. ಅದಕ್ಕೇ ದೊಡ್ಡ ಸಂಗ್ರಹಾಲಯಗಳಲ್ಲಿ ಮೊದಲು ಎಕ್ಸ್-ರೇ ತೆಗೆದು ತುಕ್ಕಿನ ಕೆಳಗೆ ಏನಿದೆ ಎಂದು ನೋಡುತ್ತಾರೆ.

ಚಿಕಿತ್ಸೆಯ ಕ್ರಮ

ಮೊದಲ ಹೆಜ್ಜೆ ದಾಖಲೆ. ಎಲ್ಲ ಬದಿಯಿಂದ ಚಿತ್ರ ತೆಗೆದು, ಅಳತೆ ಬರೆದು, ಮುದ್ರೆಗಳನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕು. ಕತ್ತಿಯನ್ನು ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಮೆತ್ತನೆಯ ಕುಂಚದಿಂದ ದೂಳು ತೆಗೆದ ಮೇಲೆ ಹಳೆಯ ಎಣ್ಣೆ ಜಿಡ್ಡನ್ನು ಸ್ಪಿರಿಟ್ ಅಥವಾ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾರೆ. ಇವೆರಡೂ ಬೇಗ ಬೆಂಕಿ ಹಿಡಿಯುವಂಥವು, ಎಚ್ಚರ! ಸಡಿಲವಾದ ತುಕ್ಕನ್ನು ಭೂತಗನ್ನಡಿಯ ಕೆಳಗೆ ಸಣ್ಣ ಚೂರಿಯಿಂದ ಕೂದಲೆಳೆಯಷ್ಟೇ ಎಬ್ಬಿಸಬೇಕು. ಗಟ್ಟಿ ಕಪ್ಪು ಪದರವನ್ನು ಮುಟ್ಟುವುದಿಲ್ಲ. ಅಗತ್ಯವಿದ್ದಲ್ಲಿ ಟ್ಯಾನಿಕ್ ಆಮ್ಲದ ತೆಳು ದ್ರಾವಣ ಸವರುತ್ತಾರೆ. ಅದು ತುಕ್ಕಿನೊಡನೆ ಸೇರಿ ನೀಲಿಗಪ್ಪು ಬಣ್ಣದ ಫೆರಿಕ್ ಟ್ಯಾನೇಟ್ ಆಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ರಸಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಇದರಿಂದ ಕತ್ತಿಯ ಬಣ್ಣವೇ ಬದಲಾಗುವುದರಿಂದ ಎಲ್ಲದಕ್ಕೂ ಬಳಸುವಂತಿಲ್ಲ. ಕೊನೆಯಲ್ಲಿ ಸೂಕ್ಷ್ಮಸ್ಫಟಿಕ ಮೇಣದ ತೆಳು ಲೇಪ. ಬೇಕೆಂದಾಗ ತೆಗೆಯಬಹುದು ಎಂಬುದೇ ಈ ಮೇಣದ ಹೆಚ್ಚುಗಾರಿಕೆ. ನಾಳೆ ಇದಕ್ಕಿಂತ ಉತ್ತಮ ವಿಧಾನ ಬರಬಹುದು. ಅದಕ್ಕೆ ದಾರಿ ತೆರೆದಿರಬೇಕು.

ಚರ್ಮದ ಒರೆಯದು ಬೇರೆಯೇ ಸಮಸ್ಯೆ. ಸುಡಾನಿನಲ್ಲಿ ಚರ್ಮ ಹದ ಮಾಡಲು ಕರಿಜಾಲಿ ಮರದ ಕಾಯಿಗಳನ್ನು ಬಳಸುತ್ತಾರೆ. ನಮ್ಮ ಕೆರೆಯಂಗಳದಲ್ಲಿ ಬೆಳೆಯುವ ಕರಿಜಾಲಿಯೇ ಅದು. ಇಂಥ ಚರ್ಮ ಹಳತಾದಂತೆ ಆಮ್ಲೀಯವಾಗಿ ಕೆಂಪು ಪುಡಿಯಾಗುತ್ತದೆ. ಎಣ್ಣೆ ಹಚ್ಚಿದರೆ ಗುಣವಾಗದು, ದೂಳು ಅಂಟುತ್ತದೆ ಅಷ್ಟೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 20ಕ್ಕಿಂತ ಕಡಿಮೆಯಿದ್ದರೆ ಉಪ್ಪು ಹಿಡಿದ ಕಬ್ಬಿಣಕ್ಕೆ ಒಳ್ಳೆಯದು. ಅಷ್ಟು ಒಣಹವೆಯಲ್ಲಿ ಚರ್ಮ ಸೆಟೆದು ಬಿರಿಯುತ್ತದೆ. ಅದಕ್ಕೆ ಶೇ 50ರ ಆಸುಪಾಸು ಬೇಕು. ಹೀಗಾಗಿ ಅಲಗನ್ನು ಒರೆಯಿಂದ ಹೊರತೆಗೆದು, ಒಂದೇ ಸಂಖ್ಯೆಯ ಚೀಟಿ ಕಟ್ಟಿ, ಬೇರೆಬೇರೆಯಾಗಿ ಇಡುತ್ತಾರೆ. ಹಿಡಿಯ ಮೇಲಿನ ಚರ್ಮವನ್ನು ಬೇರ್ಪಡಿಸಲಾಗದು; ಅಲ್ಲಿ ನಡುವಿನ ಮಟ್ಟಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಏಕೆ?

ಸುಡಾನಿನಲ್ಲಿ 2023ರ ಏಪ್ರಿಲ್ 15ರಂದು ಅಂತರ್ಯುದ್ಧ ಆರಂಭವಾಯಿತು. ರಾಜಧಾನಿ ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಯಿತು. ಅಲ್ಲಿಯ ವಸ್ತುಗಳನ್ನು ಕೊಳ್ಳಬೇಡಿ, ಮಾರಬೇಡಿ ಎಂದು ಯುನೆಸ್ಕೋ 2024ರಲ್ಲಿ ಜಗತ್ತಿಗೆ ಮನವಿ ಮಾಡಿತು. ಒಂದು ನಾಡಿನ ಕಪಾಟುಗಳು ಬರಿದಾದಾಗ ಬೇರೆಡೆ ಉಳಿದ ಪ್ರತಿಯೊಂದು ಕತ್ತಿಯೂ, ಅದರ ಪ್ರತಿಯೊಂದು ಮುದ್ರೆಯೂ ಆ ಜನರ ಚರಿತ್ರೆಯ ಪುಟವಾಗುತ್ತದೆ. ಮಾರಾಟಕ್ಕೆ ಬಂದ ವಸ್ತು ಎಲ್ಲಿಂದ ಬಂತು ಎಂದು ಕೇಳುವುದೂ ಸಂರಕ್ಷಣೆಯ ಭಾಗವೇ.

ನಮ್ಮ ಮನೆಗಳಲ್ಲೂ ಆಯುಧಪೂಜೆಗೆ ಹೊರಬರುವ ಹಳೆಯ ಕತ್ತಿ, ಕಠಾರಿಗಳಿರಬಹುದು. ಅವಕ್ಕೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ಮರಳುಕಾಗದ ತಾಗಿಸಬೇಡಿ. ಹಿಡಿಯ ಮೇಲಿನ ಬೆಳ್ಳಿ, ಚಿನ್ನದ ಗೆರೆಗಳು ಒಮ್ಮೆ ಹೋದರೆ ಮತ್ತೆ ಬಾರವು. ಅರಿಸಿನ ಕುಂಕುಮವನ್ನು ಲೋಹಕ್ಕೆ ನೇರವಾಗಿ ಹಚ್ಚದೆ ಪಕ್ಕದಲ್ಲಿಟ್ಟು ಪೂಜಿಸಿದರೂ ಆದೀತು. ಪೂಜೆಯಾದ ಮೇಲೆ ಒಣಬಟ್ಟೆಯಿಂದ ಒರೆಸಿ, ತೇವವಿಲ್ಲದ ಕಡೆ ಇಡಿ.

ಮಾಡಿ ನೋಡಿ

ಹೊಳೆಯುವ ಮೂರು ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿ. ಒಂದನ್ನು ಒಣ ಸೀಸೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿಡಿ. ಇನ್ನೊಂದನ್ನು ನೀರಿನಲ್ಲಿ, ಮತ್ತೊಂದನ್ನು ಉಪ್ಪುನೀರಿನಲ್ಲಿ ಅರ್ಧ ಮುಳುಗುವಂತೆ ಇಡಿ. ವಾರವಿಡೀ ದಿನಕ್ಕೊಮ್ಮೆ ನೋಡಿ ಬರೆದುಕೊಳ್ಳಿ. ಅನಂತರ ತುಕ್ಕು ಹಿಡಿದ ಮೊಳೆಯೊಂದನ್ನು ಹಾಲು, ಸಕ್ಕರೆ ಹಾಕದ ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೊಳೆಯ ಬಣ್ಣ ಏನಾಗಿದೆ? ಡಿಕಾಕ್ಷನ್ನಿನ ಬಣ್ಣ ಏನಾಗಿದೆ? ಚಹಾದಲ್ಲಿರುವ ಯಾವ ವಸ್ತು ಈ ಕೆಲಸ ಮಾಡಿತು ಎಂಬುದಕ್ಕೆ ಉತ್ತರ ಮೇಲಿನ ಬರಹದಲ್ಲೇ ಇದೆ.