ಗೇಟನ್ನು ಬಿಟ್ಟು ಕೂಲಿಯ ಲೆಕ್ಕ



ಪ್ಯಾಲೆಸ್ತೀನದ ಸುದ್ದಿ ಬಂದಾಗೆಲ್ಲ ಹಿಂದೆಯೇ ಒಂದು ಅಂಕಿ ಬರುತ್ತದೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿತು: ಗಾಜಾದಲ್ಲಿ ನಿರುದ್ಯೋಗ ಸುಮಾರು ಶೇ. 80, ಪಶ್ಚಿಮ ದಂಡೆಯಲ್ಲಿ ಶೇ. 32. ಬಾಂಬು ಬೀಳುವ ಊರಿನಲ್ಲಿ ಎಂದಿನಂತೆ ಮನೆ ಮನೆಗೆ ಹೋಗಿ ಬರೆದುಕೊಳ್ಳುವ ಸ್ಥಿತಿ ಎಲ್ಲಿತ್ತು? ಇದು ಅಂದಾಜು. ಅಂದಾಜು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರ ಫಾರಂನಲ್ಲಿ ಯಾವ ಕಲಂ ಇದೆ, ಯಾವುದು ಇಲ್ಲ, ಅದನ್ನು ನೋಡಿ ಅನ್ನುತ್ತೇನೆ. ಈ ಲೆಕ್ಕದಲ್ಲಿ ವಾರಕ್ಕೆ ಒಂದು ಗಂಟೆ ಕೂಲಿ ಮಾಡಿದವನೂ ಉದ್ಯೋಗಿ! ಸಿಗೋದಿಲ್ಲ ಅಂತ ಹುಡುಕುವುದನ್ನೇ ಬಿಟ್ಟವನು ನಿರುದ್ಯೋಗಿಯೂ ಅಲ್ಲ.

1967ರಲ್ಲಿ ಇಸ್ರೇಲ್ ಆ ನೆಲ ಹಿಡಿಯಿತು. ಮರುವರ್ಷದಿಂದ ಅಲ್ಲಿನ ದುಡಿಯುವವರ ಲೆಕ್ಕ ಬರೆದದ್ದೂ ಇಸ್ರೇಲಿನ ಅಂಕಿಅಂಶ ಇಲಾಖೆಯೇ. ಪ್ಯಾಲೆಸ್ತೀನಿಯರ ಸ್ವಂತ ಇಲಾಖೆ ಹುಟ್ಟಿದ್ದು 1993ರಲ್ಲಿ. ಮುಂದೆ 2021ರಲ್ಲಿ ನೊಬೆಲ್ ಪಡೆದ ಜೋಶುವ ಆಂಗ್ರಿಸ್ಟ್ ಎಂಬ ಪಂಡಿತರು ಆ ಹಳೆಯ ಕಾಗದಗಳನ್ನೇ ಹಿಡಿದು 1995ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1972ರ ನಂತರ ಅಲ್ಲಿ ಉನ್ನತ ಶಿಕ್ಷಣದ ಬಾಗಿಲು ತೆರೆಯಿತು, ಹುಡುಗರು ಓದಿದರು. ಎಂಬತ್ತರ ದಶಕದಲ್ಲಿ ಪದವೀಧರರು ಹೆಚ್ಚಿದಂತೆಲ್ಲ, ಹೈಸ್ಕೂಲು ಓದಿದವನಿಗಿಂತ ಅವರಿಗೆ ಸಿಗುತ್ತಿದ್ದ ಹೆಚ್ಚಿನ ಕೂಲಿ ಕರಗುತ್ತಾ ಬಂತು ಅನ್ನುವುದು ಅವರ ಲೆಕ್ಕ. ನನ್ನ ಹೈಸ್ಕೂಲು ಗಣಿತಕ್ಕೂ ಇದು ಸರಿಯೆಂದೇ ಕಾಣುತ್ತದೆ. ಆದರೆ "ಪೂರೈಕೆ ಜಾಸ್ತಿ, ಬೆಲೆ ಕಡಿಮೆ" ಅಂತ ಅಲ್ಲಿಗೇ ಮುಗಿಸಿದರೆ ಹೇಗೆ? ಟೊಮೇಟೊ ರಸ್ತೆಗೆ ಸುರಿದಾಗ ನಮಗೆ ಹೇಳುವ ಮಾತೂ ಇದೇ. ಇಸ್ರೇಲಿನಲ್ಲಿ ಅವರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಗಾರೆ ಕೆಲಸ, ತೋಟದ ಕೆಲಸ. ಓದಿಗೆ ತಕ್ಕ ಕೆಲಸ ಅವರ ನೆಲದಲ್ಲೇ ಯಾಕೆ ಬೆಳೆಯಲಿಲ್ಲ ಅಂತ ಕೇಳುವ ಕಲಂ ಎಲ್ಲಿದೆ ಸ್ವಾಮಿ?

ಅಂಥ ಕಲಂ ಹಾಕಿದವರೂ ಇದ್ದಾರೆ. ಮಾಸ್ಸಿಮಿಲಿಯಾನೊ ಕಾಲಿ, ಸಾಮಿ ಮಿಯಾರಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪಶ್ಚಿಮ ದಂಡೆಯ ಊರುಗಳಿಗೆ ಸೇನೆಯ ಚೆಕ್‌ಪೋಸ್ಟ್ ಎಷ್ಟು ಹತ್ತಿರ ಅಂತ ಅಳೆದು, 2000ದಿಂದ 2007ರವರೆಗಿನ ಕೂಲಿ ಲೆಕ್ಕದ ಪಕ್ಕ ಇಟ್ಟರು. ಸಿಕ್ಕಿದ್ದೇನು? ಚೆಕ್‌ಪೋಸ್ಟ್ ಬಂದ ಕಡೆ ಕೆಲಸ ಸಿಗುವುದು ಕಡಿಮೆ, ಗಂಟೆಯ ಕೂಲಿ ಕಡಿಮೆ, ತಿಂಗಳಲ್ಲಿ ಕೆಲಸದ ದಿನವೂ ಕಡಿಮೆ. ದಿನಕ್ಕೆ ದುಡಿಯುವ ಗಂಟೆ ಮಾತ್ರ ಹೆಚ್ಚು. ಇಷ್ಟಕ್ಕೆ ಗಣಿತ ಬೇಕಿತ್ತಾ ಅಂತ ನೀವು ನಗಬಹುದು. ಬೇಕಿತ್ತು. "ಅವರಿಗೆ ಕಸುಬು ಬರೋದಿಲ್ಲ, ಮೈಗಳ್ಳರು" ಅನ್ನುವ ಬಾಯಿ ಮುಚ್ಚಿಸಲು ಬೇಕಿತ್ತು. ಜನ ಅದೇ, ಊರು ಅದೇ, ಬದಲಾದದ್ದು ಗೇಟು.

ಇನ್ನು ಪರವಾನಗಿ. 2023ರ ಅಕ್ಟೋಬರ್‌ಗೆ ಮೊದಲು ಇಸ್ರೇಲಿನಲ್ಲೂ ಅದರ ವಸಾಹತುಗಳಲ್ಲೂ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ದುಡಿಯುತ್ತಿದ್ದರು. ಊರಿನ ಕೂಲಿಗಿಂತ ಸುಮಾರು ಎರಡು ಪಟ್ಟು. ಕಾಗದದ ಮೇಲೆ ಭರ್ಜರಿ! ಆದರೆ ಎಷ್ಟೋ ಜನ ಆ ಪರವಾನಗಿಗಾಗಿಯೇ ದಲ್ಲಾಳಿಗೆ ತಿಂಗಳಿಗೆ ಎರಡು ಸಾವಿರ ಶೆಕೆಲ್‌ವರೆಗೆ, ಅದಕ್ಕೂ ಮೇಲೆ, ತೆರುತ್ತಿದ್ದರು. ದಲ್ಲಾಳಿಯ ಪಾಲು ಕಳೆಯದೆ ಬರೆದ ಕೂಲಿ ಯಾರ ಕೈಗೆ ಬಂದ ಕೂಲಿ? ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಗೇಟು ಮುಚ್ಚಿತು. ದಾಳಿಗೂ ತನಗೂ ಸಂಬಂಧವಿಲ್ಲದ ಗಾರೆಯವನು ರಾತ್ರಿ ಬೆಳಗಾಗುವುದರಲ್ಲಿ ನಿರುದ್ಯೋಗಿಯ ಕಲಮಿಗೆ ಬಿದ್ದ.

ಆ ಖಾಲಿ ಜಾಗಕ್ಕೆ ಯಾರು? 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ, ಲಖನೌನಲ್ಲಿ ನಮ್ಮ ದೇಶದ ಹುಡುಗರು ಸಾಲು ನಿಂತರು. ಹೊಟ್ಟೆಪಾಡು, ಅವರನ್ನು ದೂರಲಾರೆ. ತಿಂಗಳಿಗೆ ಒಂದು ಲಕ್ಷ ಮೂವತ್ತೇಳು ಸಾವಿರ ರೂಪಾಯಿ ಅಂತ ಅವರಿಗೆ ಹೇಳಿದರು. ಯಾರನ್ನು ಗೇಟಿನಾಚೆ ನಿಲ್ಲಿಸಿ ಆ ಜಾಗ ಖಾಲಿ ಮಾಡಿದ್ದು ಅಂತಲೂ ಹೇಳಿದರೇ?